ಎಡಗಡೆ ಗಾಲಿಯ ಮೂರು ಗೀರು

ಬಾಲಾನಗರದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಇನ್‌ಸ್ಪೆಕ್ಟರಾಗಿದ್ದ ಅಮರೇಶಪ್ಪ ಕೂದಲೆಳೆಯಷ್ಟು ಗೀರಿದ್ದ ಮಾಲನ್ನೂ ಪಾಸು ಮಾಡಿದವನಲ್ಲ. ಜೇಬಿನಲ್ಲಿದ್ದ ಕೆಂಪು ಪೆನ್ಸಿಲು ತೆಗೆದು ಅಡ್ಡಗೆರೆ ಎಳೆದು ಪಕ್ಕಕ್ಕಿಡುತ್ತಿದ್ದ. ಅಂಥವನು ಆ ಭಾನುವಾರ ಬೆಳಿಗ್ಗೆ ಒಂದು ಇಡೀ ಕಾರನ್ನು ನೋಡದೆಯೇ ಸಹಿ ಮಾಡಿ ತೆಗೆದುಕೊಂಡ.

ಕಾರು ಟೂಲ್ ಸ್ಟೋರಿನ ಹನುಮಂತರಾಯರ ಅಳಿಯನದು. ಅಳಿಯ, ಮಗಳು ರೈಲಿನಲ್ಲಿ ತಿರುಪತಿಗೆ ಹೋಗುವಾಗ ಮಾವನ ಮನೆ ಮುಂದೆ ಬಿಟ್ಟಿದ್ದರು. ಸ್ಕ್ರೂಡ್ರೈವರ್ ಕೊಡುವುದಕ್ಕೂ ಚೀಟಿ ಬರೆಸಿಕೊಳ್ಳುವ ರಾಯರು ತಾವಾಗಿಯೇ ಬಂದು, "ನಿಮ್ಮ ಅತ್ತೀನ ದವಾಖಾನಿಯಿಂದ ಆಟೋದಾಗ ಯಾಕ ತರ್ತೀರಿ? ಕಾಲು ಮುರದಾವ ಪಾಪ. ಕಾರ್ ಒಯ್ರಿ" ಎಂದರು.

ಅಮರೇಶಪ್ಪನಿಗೆ ಕಣ್ಣು ತುಂಬಿತು. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಐದು ಜನ ಇಟ್ಟುಕೊಂಡು ಹನ್ನೊಂದು ವರ್ಷದಿಂದ ಅವನು ಕಂಪನಿ ಕ್ವಾರ್ಟರ್ಸಿಗೆ ಕಾಯುತ್ತಿದ್ದ. ಕ್ವಾರ್ಟರ್ಸ್ ಹಂಚುವ ಸಮಿತಿಗೆ ರಾಯರೇ ಕಾರ್ಯದರ್ಶಿ. ಪಟ್ಟಿ ಮರುದಿನ ಸೋಮವಾರ ಹೊರಬೀಳುವುದಿತ್ತು. ಅಂಥವರ ಮುಂದೆ ಬಗ್ಗಿ ಗಾಲಿ ನೋಡುವುದು ಹೇಗೆ? ರಾಯರು ಮುಂದಿಟ್ಟ ಚೀಟಿಯಲ್ಲಿ, "ತಾ. ೧೪-೧೦-೨೦೦೭. ಕಾರು ಒಂದು, ಗಾಲಿ ನಾಲ್ಕು. ಎಲ್ಲ ಸುಸ್ಥಿತಿ" ಎಂದಿತ್ತು. ಸಹಿ ಹಾಕಿಬಿಟ್ಟ.

ಹನ್ನೊಂದು ಗಂಟೆಗೆ ಅತ್ತೆಯನ್ನು ಎತ್ತಿ ಒಳಗೆ ಮಲಗಿಸಿ ಬಂದವನಿಗೆ ಎಡಗಡೆಯ ಮುಂದಿನ ಗಾಲಿ ಕಂಡಿತು. ಕನ್ನಡಿಯಂತೆ ಹೊಳೆಯುವ ಅಲಾಯ್ ವೀಲು. ಅದರ ಮೇಲೆ ಬೆಕ್ಕು ಪರಚಿದಂತೆ ಮೂರು ಗೀರು. ದವಾಖಾನೆಯ ಗೇಟಿನ ಕಲ್ಲಿಗೆ ತೀರಾ ಹತ್ತಿರ ತಿರುಗಿಸಿದ್ದು ನೆನಪಾಯಿತು. ಅವನು ರಸ್ತೆಯಲ್ಲೇ ಕುಳಿತುಬಿಟ್ಟ.

"ಮುಗೀತು. ಕ್ವಾರ್ಟರ್ಸ್ ಹೋತು."

ಹೆಂಡತಿ ಶಿವದೇವಿ ಬಂದು ಉಗುರಾಡಿಸಿ ನೋಡಿದಳು. "ಉಗುರಿಗೂ ತಾಗೂದಿಲ್ರಿ, ಮ್ಯಾಲಿನ ಗೀರು. ಹಲ್ಲಿನ ಪೇಸ್ಟ್ ಹಚ್ಚಿ ಮೆತ್ತನ್ ಬಟ್ಟಿಲೆ ತಿಕ್ಕರಿ."

ಅವಳು ಹೇಳಿದ್ದು ಸರಿಯಿತ್ತು. ಸೋಪಿನ ನೀರಲ್ಲಿ ತೊಳೆದು, ಹಳೆಯ ಬನಿಯನ್ನಿನಿಂದ ಅರ್ಧ ಗಂಟೆ ತಿಕ್ಕಿದ ಮೇಲೆ ಒಂದು ಗೀರು ಕಾಣದಂತಾಯಿತು. ಹಾಗೇ ತಿಕ್ಕಲು ಬಿಟ್ಟಿದ್ದರೆ ಊಟದ ಹೊತ್ತಿಗೆ ಮೂರೂ ಹೋಗುತ್ತಿದ್ದವು. ಆದರೆ ಮಹಡಿಯ ಮೇಲಿಂದ ಸೂಗಪ್ಪ ನೋಡಿದ. ಸೂಗಪ್ಪ ಕಾರ್ಖಾನೆಯ ಪಾಲಿಶ್ ವಿಭಾಗದವನು.

"ಅಮರೇಶಣ್ಣ, ಗಾಲಿಗೆ ಹಲ್ಲು ತಿಕ್ಕಾಕತ್ತೀರೇನು? ಬಾಯಿ ಮುಕ್ಕಳಿಸೂದು ಯಾವಾಗ?"

ಅಕ್ಕಪಕ್ಕದವರು ನಕ್ಕರು. ಸೂಗಪ್ಪ ನೀರು ಹಚ್ಚಿ ಉಜ್ಜುವ ವಾಟರ್ ಪೇಪರ್, ಮೆಟಲ್ ಪಾಲಿಶ್ ಹಿಡಿದು ಕೆಳಗಿಳಿದೇಬಿಟ್ಟ. "ಸರೀರಿ. ಅಲ್ಯೂಮಿನಿಯಂ ಅಂದ್ರ ನನಗ ಹೇಳಬ್ಯಾಡ್ರಿ. ಮಕಾ ಕಾಣಬೇಕು, ಹಂಗ ಮಾಡಿಕೊಡ್ತೀನಿ."

ಹತ್ತು ನಿಮಿಷದಲ್ಲಿ ಗೀರು ಹೋದವು. ಹೊಳಪೂ ಹೋಯಿತು. ಗಾಲಿ ಪೊರೆ ಬಂದ ಕಣ್ಣಿನಂತೆ ಬೆಳ್ಳಗೆ ನೋಡತೊಡಗಿತು. ಸೂಗಪ್ಪ ಜೋರಾಗಿ ತಿಕ್ಕಿದ. ಪೊರೆ ಇನ್ನಷ್ಟು ದಪ್ಪವಾಯಿತು.

ಆಗ ಗುಂಪಿನಲ್ಲಿದ್ದ ಪೇಂಟ್ ಶಾಪಿನ ಪ್ರಾಣೇಶ ಬಾಯಿ ತೆರೆದ. "ಇದರ ಮ್ಯಾಲೆ ಗಾಜಿನಂಥಾ ವಾರ್ನಿಶ್ ಇರ್ತದ, ಸೂಗಪ್ಪ. ಗೀರು ಇದ್ದದ್ದು ಅದರೊಳಗ. ನೀ ಅದನ್ನೇ ಕೆರದು ಒಗದಿ."

"ಮೊದ್ಲ ಹೇಳಬೇಕಿಲ್ಲೇನು?" ಎಂದು ಅಮರೇಶಪ್ಪ ಚೀರಿದ.

"ಕೇಳಿದ್ರ ಹೇಳ್ತಿದ್ದೆ. ಬಂದಾಗಿಂದ ಇಲ್ಲೇ ನಿಂತೀನಲ್ಲ!"

ಕಡೆಗೆ ಅಮರೇಶಪ್ಪನಿಗೆ ಕೆಲಸದ ಬುದ್ಧಿಯೇ ನೆರವಿಗೆ ಬಂತು. ನಾಲ್ಕರಲ್ಲಿ ಒಂದು ಪೀಸು ಬೇರೆ ಕಂಡರೆ ಅದು ದೋಷ. ನಾಲ್ಕೂ ಒಂದೇ ಥರ ಇದ್ದರೆ ಮಾದರಿಯೇ ಹಾಗೆ ಎಂದು ಯಾವ ಇನ್‌ಸ್ಪೆಕ್ಟರಾದರೂ ಪಾಸು ಮಾಡುತ್ತಾನೆ.

"ಸೂಗಪ್ಪ, ಉಳಿದ ಮೂರೂ ತಿಕ್ಕು."

"ಏನ್ರಿ, ತಲಿ ಕೆಟ್ಟೈತೇನು?" ಎಂದಳು ಶಿವದೇವಿ. ಯಾರೂ ಕೇಳಲಿಲ್ಲ.

ನಾಲ್ಕು ಗಂಟೆಗೆ ನಾಲ್ಕೂ ಗಾಲಿ ಬೂದಿಯಲ್ಲಿ ತಿಕ್ಕಿದ ಹಳೇ ಬೋಗುಣಿಗಳಂತಾದವು. ಐದಕ್ಕೆ ಹನುಮಂತರಾಯರು ಬಂದರು. ಕೈಯಲ್ಲಿ ಒಂದು ಹಾಳೆಯಿತ್ತು. ಅವರು ನೇರವಾಗಿ ಎಡಗಡೆಯ ಮುಂದಿನ ಗಾಲಿಯ ಬಳಿ ಕುಕ್ಕರಗಾಲಲ್ಲಿ ಕುಳಿತರು.

"ಇಲ್ಲಿ ಮೂರು ಗೀರಿದ್ವಲ್ಲ, ಎಲ್ಲಿ ಹೋದ್ವು?"

ಅಮರೇಶಪ್ಪ ಗೀರಿನ ಮಾತನ್ನು ಅವರಿಗೆ ಹೇಳೇ ಇರಲಿಲ್ಲ.

"ರಾಯರ, ಅವು... ಮೊದಲ ಇದ್ವೇನು?"

"ಶುಕ್ರವಾರ ಅಬಿಡ್ಸ್ ಬಜಾರದಾಗ ಫುಟ್‌ಪಾತಿಗೆ ನಾನೇ ತಾಗಿಸಿದ್ದೆ. ಅಳಿಯ ಭಾಳ ಸಿಟ್ಟಿನಂವ. ಅಮರೇಶಪ್ಪನವರು ಒಯ್ದಾಗ ಆತು ಅಂದ್ರ ಹೊರಗಿನವರಂತ ಸುಮ್ಮನಾಗ್ತಿದ್ದ. ಹಂಗಂತ ನಾನು ನಿಮಗ ಅನ್ಯಾಯ ಮಾಡಿಲ್ಲ, ನೋಡ್ರಿ." ರಾಯರು ಹಾಳೆ ಬಿಚ್ಚಿದರು. ಕ್ವಾರ್ಟರ್ಸ್ ಪಟ್ಟಿ. ಮೊದಲನೆಯ ಹೆಸರು ಅಮರೇಶಪ್ಪನದು. "ಮೂರು ಗೀರಿಗೆ ಎರಡು ಕೋಣಿ, ಒಂದು ಅಡಗಿಮನಿ. ಗಾಲಿ ಮುಟ್ಟದ ಸುಮ್ಮನ ಕೂತಿದ್ರ ಸಾಕಿತ್ತಲ್ರಿ! ನಾಲ್ಕೂ ಗಾಲಿ ಕೆಡಿಸಿದವರಿಗೆ ಕ್ವಾರ್ಟರ್ಸ್ ಕೊಟ್ಟೆ ಅಂತ ಗೊತ್ತಾದ್ರ ಅಳಿಯ ನಮ್ಮ ಮನಿ ಮೆಟ್ಟಲ ಹತ್ತಂಗಿಲ್ಲ."

"ಗೀರು ನೀವ ಮಾಡಿದ್ದು ಅಂತ ನಾ ನಿಮ್ಮ ಅಳಿಯಗ ಹೇಳ್ತೀನಿ."

ರಾಯರು ಚೀಟಿ ತೆಗೆದು ಬೆರಳಿಟ್ಟು ತೋರಿಸಿದರು. "ಎಲ್ಲ ಸುಸ್ಥಿತಿ. ಕೆಳಗ ಸಹಿ ಯಾರದು? ಅದೂ ಇನ್‌ಸ್ಪೆಕ್ಷನ್‌ನವರದು."

ರಾಯರು ಪಟ್ಟಿಯನ್ನು ಕಾರಿನ ಬಾನೆಟ್ ಮೇಲಿಟ್ಟು ಜೇಬು ತಡಕಿದರು.

"ಪೆನ್ ತರೋದು ಮರತೆ. ನಿಮ್ಮ ಹತ್ರ ಅದ ಏನು?"

ಅಮರೇಶಪ್ಪನ ಜೇಬಿನಲ್ಲಿದ್ದುದು ಕೆಂಪು ಪೆನ್ಸಿಲು ಒಂದೇ. ಕೊಟ್ಟ. ರಾಯರು ಮೊದಲನೆಯ ಹೆಸರಿನ ಮೇಲೆ ಅಡ್ಡಗೆರೆ ಎಳೆದರು.