ನೆಲದಲ್ಲಿ ಮೂರೆಲೆ, ಪಣಕ್ಕೆ ಹುಣಸೆ ಬೀಜ

ನನ್ನಂಥವನ ಕೈಯ ತುಳಸಿಯನ್ನೂ ಬೇಡವೆನ್ನದ ಗುಡಿಯ ಸ್ವಾಮಿಗೆ ಮೊದಲು ಅಡ್ಡಬೀಳುತ್ತೇನೆ.

ನಾಲ್ಕು ಜನ ಒಂದು ಚಾಪೆಯ ಮೇಲೆ ಕೂತರೆ ನಗುವಂಥದ್ದೇನಾದರೂ ನಡೆದೇ ನಡೆಯುತ್ತದೆ. ಎಪ್ಪತ್ತರ ದಶಕದಲ್ಲಿ ಮದ್ದೂರಿನ ನಮ್ಮ ಚಾಪೆಯ ಮೇಲೆ ಕೂರುತ್ತಿದ್ದವರು ಮಿಲಿಟರಿ ಬಿಟ್ಟು ಬಂದ ಸುಬೇದಾರರು, ಪಂಪ್‌ಸೆಟ್ ರಿಪೇರಿಯ ಸಾಬರು, ಪ್ರೈಮರಿ ಸ್ಕೂಲಿನ ಮೇಷ್ಟ್ರು, ಅರ್ಚಕನಾದ ನಾನು. ಭಾನುವಾರ ಮಧ್ಯಾಹ್ನ ಗುಡಿ ಬಾಗಿಲು ಹಾಕಿದರೆ ಸಂಜೆ ತೆಗೆಯುವವರೆಗೆ ಸುಬೇದಾರರ ಜಗಲಿಯೇ ನನ್ನ ವೈಕುಂಠ. ಆ ಮೂವರೂ ಈಗ ಸ್ವಾಮಿಯ ಪಾದ ಸೇರಿದ್ದಾರೆ. ಆದರೂ ಭಾನುವಾರ ಬಂದರೆ ನನ್ನ ಕಾಲು ತಾನಾಗಿಯೇ ಆ ಬೀದಿಗೆ ತಿರುಗುತ್ತದೆ.

ಸುಬೇದಾರರು ಮಿಲಿಟರಿಯಲ್ಲಿ ಕಲಿತು ಬಂದ ಇಸ್ಪೀಟಾಟ ಅದು. ಕೈಗೆ ಎರಡೆರಡೇ ಎಲೆ. ಅದನ್ನು ನೋಡಿ ಒಬ್ಬ ಪಣ ಏರಿಸಿದರೆ ಇನ್ನೊಬ್ಬ ಅದರ ಮೇಲೆ ಏರಿಸಬಹುದು, ಮೊದಲಿನವನು ಮತ್ತೂ ಏರಿಸಬಹುದು. ಆಮೇಲೆ ಎಲ್ಲರಿಗೂ ಸೇರಿದಂತೆ ನಡುವೆ ಮೂರೆಲೆ ತೆರೆಯುತ್ತಾರೆ. ಆಗ ಇನ್ನೂ ಏರಿಸಿ ನಿಲ್ಲಬೇಕು, ಇಲ್ಲವೇ ಎಲೆ ಎಸೆದು ಸೋಲೊಪ್ಪಬೇಕು. ಕೊನೆಯವರೆಗೆ ನಿಂತವರಲ್ಲಿ ಯಾರ ಕೈಯೆಲೆ ನೆಲದ ಎಲೆಯೊಡನೆ ಚೆನ್ನಾಗಿ ಜೋಡಿ ಕೂಡುತ್ತದೋ ಅವರು ಗೆದ್ದಂತೆ. ದುಡ್ಡು ಮುಟ್ಟುವುದಿಲ್ಲವೆಂದು ನಾನು ಹೇಳಿದ್ದರಿಂದ ಪಣಕ್ಕೆ ಹುಣಸೆ ಬೀಜ.

ಹುರಿದ ಪಣ

ಒಂದು ಭಾನುವಾರ ಸುಬೇದಾರರೂ ಸಾಬರೂ ಜಿದ್ದಿಗೆ ಬಿದ್ದು ಏರಿಸಿದ್ದೇ ಏರಿಸಿದ್ದು. ಇಷ್ಟು ಏರಿದ ಮೇಲೆ ನೆಲದ ಮೂರೆಲೆ ನೋಡಬಾರದು, ಎದುರಿನವನ ಮುಖ ನೋಡಬೇಕು ಅನ್ನುವುದು ಸುಬೇದಾರರ ಸಿದ್ಧಾಂತ. ಇಬ್ಬರೂ ರೆಪ್ಪೆ ಬಡಿಯದೆ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಕೊನೆಗೆ ಸುಬೇದಾರರು ಗೆದ್ದು ರಾಶಿ ಬಾಚಲು ಕೈ ಚಾಚಿದರೆ ಚಾಪೆಯ ಮೇಲೆ ಬರೀ ಸಿಪ್ಪೆ. ಮನೆಯವರು ತಿನ್ನಲೆಂದು ಹುರಿದಿಟ್ಟ ಬೀಜವನ್ನೇ ಅವತ್ತು ಸುಬೇದಾರರು ಪಣಕ್ಕೆ ತಂದಿದ್ದರು. ಮೇಷ್ಟ್ರ ದವಡೆ ಇನ್ನೂ ಆಡುತ್ತಿತ್ತು.

"ನೀವು ಮುಖ ನೋಡ್ತಿದ್ರಿ, ನಾನು ನೆಲ ನೋಡ್ತಿದ್ದೆ" ಅಂದರು.

ಧ್ಯಾನ

ಒಳ್ಳೆಯ ಎಲೆ ಬಂದರೆ ಸ್ವಾಮಿಯನ್ನು ನೆನೆದು ಕಣ್ಣು ಮುಚ್ಚುವುದು ನನ್ನ ಅಭ್ಯಾಸ. ಸಾಬರು ಅದನ್ನು ಪತ್ತೆ ಹಚ್ಚಿಬಿಟ್ಟಿದ್ದರು. ಒಂದು ದಿನ ಪಣ ಗುಡ್ಡೆಯಾಗಿ ಬಿದ್ದಿತ್ತು, ಮೂರೆಲೆ ತೆರೆದರು, ನಾನು ಕಣ್ಣು ಮುಚ್ಚಿದೆ.

"ಅಯ್ನೋರು ಕಣ್ ಮುಚ್ಚುದ್ರು ಕಣಪ್ಪ, ನಾನೊಲ್ಲೆ" ಎಂದು ಸಾಬರು ಎಲೆ ಎಸೆದರಂತೆ. ಉಳಿದಿಬ್ಬರೂ ಎಸೆದರಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ಗೆದ್ದದ್ದು ನನಗೆ ಗೊತ್ತಾದದ್ದು ಅವರು ಎಬ್ಬಿಸಿದಾಗ. ಅವತ್ತು ಪ್ರಸಾದದ ಪುಳಿಯೋಗರೆ ಸ್ವಲ್ಪ ಜಾಸ್ತಿಯಾಗಿತ್ತು.

ಮಳವಳ್ಳಿ ಬಸ್ಸು

ಭಾನುವಾರವೆಲ್ಲ ಗಂಡ ಜಗಲಿ ಸೇರುತ್ತಾರೆಂದು ಮೇಷ್ಟ್ರ ಹೆಂಡತಿ ಮುನಿಸಿಕೊಂಡು ಮಳವಳ್ಳಿಯ ತವರಿಗೆ ಹೋದರು. ಇವರು ಕರೆಯಲು ಹೋಗಲಿಲ್ಲ, ಅವರು ತಾವಾಗಿ ಬರಲಿಲ್ಲ. ಆದರೆ ಮಳವಳ್ಳಿ ಬಸ್ಸಿನ ಹಾರನ್ ಕೇಳಿದರೆ ಸಾಕು, ಮೇಷ್ಟ್ರ ಕೈಯ ಎಲೆ ಬಾಗಿ ನಮಗೆಲ್ಲ ಕಾಣುತ್ತಿತ್ತು. ಆ ಮುಖ ನೋಡಲಾರದೆ ನಾನು ದಿನವೂ ಇಬ್ಬರ ಹೆಸರಲ್ಲೂ ಅರ್ಚನೆ ಮಾಡುತ್ತಿದ್ದೆ.

ಕೊನೆಗೆ ಸಾಬರೇ ಬಾಯಿ ಬಿಟ್ಟರು. "ಮೇಷ್ಟ್ರೇ, ಈ ಆಟ ಸೋತ್ರೆ ನೀವೇ ಓಗಿ ಅಕ್ಕೋರ್ನ ಕರ್ಕಂಬರ್ಬೇಕು. ಗೆದ್ರೆ ನಾವು ಆ ಮಾತೇ ಎತ್ತಕಿಲ್ಲ."

ಮೇಷ್ಟ್ರು ಬಿಗುಮಾನದಿಂದಲೇ ಒಪ್ಪಿದರು. ಸುಬೇದಾರರು ಏರಿಸಿದರು, ಮೇಷ್ಟ್ರು ಮೇಲೇರಿಸಿದರು. ಸುಬೇದಾರರು ಮತ್ತೆ, ಮೇಷ್ಟ್ರು ಮತ್ತೆ. ಸಾಬರೂ ನಾನೂ ಆಟ ಬಿಟ್ಟು ನೋಡುತ್ತ ಕೂತೆವು. ಇಷ್ಟು ಏರಿಸುವವರ ಕೈಯಲ್ಲಿ ಎಲೆ ಜೋರಾಗಿಯೇ ಇರಬೇಕು. ಮೇಷ್ಟ್ರು ಸೋಲಲಪ್ಪ ಎಂದು ಸ್ವಾಮಿಯನ್ನು ಬೇಡಿಕೊಂಡೆ.

ಮೂರೆಲೆ ತೆರೆದರು. ಒಂದು ರಾಣಿ, ಎರಡು ಸಣ್ಣ ಎಲೆ. ಅದೇ ಹೊತ್ತಿಗೆ ಬಸ್ಸಿನ ಹಾರನ್. ಮೇಷ್ಟ್ರು ಕೈಯ ಎಲೆ ಮಗುಚಿ ಹಾಕಿ, "ಸೋತೆ" ಎಂದು ಎದ್ದು ಹೊರಟೇಬಿಟ್ಟರು. ಒಂದು ಕಾಲಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ನನ್ನದು.

ಅವರು ಬೀದಿ ತಿರುಗಿದ ಮೇಲೆ ಸಾಬರು ಆ ಎಲೆ ಎತ್ತಿ ನೋಡಿದರು. ಎರಡೂ ರಾಣಿ. ನೆಲದ್ದೂ ಸೇರಿದರೆ ಮೂರು. ಸುಬೇದಾರರ ಕೈಯಲ್ಲಿ ಏನೂ ಇರಲಿಲ್ಲ.

ಮುಂದಿನ ಭಾನುವಾರ ಮೇಷ್ಟ್ರು ಬಂದರು, ಹಿಂದೆಯೇ ಹೆಂಡತಿ. ನಾನು ಸ್ವಾಮಿಗೆ ಮನಸ್ಸಲ್ಲೇ ಕೈಮುಗಿದೆ. ಬಸ್ಸಿನಲ್ಲಿ ಮೇಷ್ಟ್ರು ಹೆಮ್ಮೆಯಿಂದ ಎಲ್ಲವನ್ನೂ ಹೇಳಿದ್ದರಂತೆ, ಆಟದ ನಿಯಮದ ಸಮೇತ.

"ಮೂರ್ ರಾಣಿ ಮಡಿಕಂಡು ಎಲೆ ಎಸ್ದು ಬಂದವ್ರೆ ನಿಮ್ ಮೇಷ್ಟ್ರು" ಅಂದರು ಆಕೆ. "ಇನ್ನೊಂದ್ಸಲ ಏರ್ಸಿ ಗೆದ್ಕಂಡು ಮುಂದಿನ್ ಬಸ್ಸಿಗೆ ಬಂದಿದ್ರೆ ನಾ ಬೇಡ ಅಂತಿದ್ನಾ? ವಸಿ ಜರುಗಿ ಸಾಬಣ್ಣ, ನಂಗೂ ಎಲೆ ಹಾಕಿ."

ಕೇಳಿದ ನಿಮ್ಮೆಲ್ಲರನ್ನೂ ಸ್ವಾಮಿ ತಣ್ಣಗಿಟ್ಟಿರಲಿ. ನೀವು ಕಾಯುವವರ ಬಸ್ಸು ತಪ್ಪದೆ ಬರಲಿ. ನೀವೇ ಹೋಗಿ ಕರೆಯಬೇಕಾದ ದಿನ, ಕೈಯಲ್ಲಿ ಎಂಥ ಎಲೆ ಇದ್ದರೂ ಎಸೆದು ಏಳುವ ಮನಸ್ಸನ್ನು ಅವನೇ ಕೊಡಲಿ.