ಎಬಿನೇಜರನ ಪ್ರಾಕ್ಟಿಕಲ್ ಪರೀಕ್ಷೆ

ಮಗುವಿನ ಜೊತೆ ಮಾತಾಡುವ ಮುಂಚೆ ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು ಎಂದು ಪಾಠದಲ್ಲಿ ಹೇಳಿಕೊಟ್ಟಿದ್ದರು. ಎಬಿನೇಜರ್ ಇಳಿದ. ಅವನ ಪ್ಯಾಂಟು ಅದಕ್ಕೆ ಒಪ್ಪಲಿಲ್ಲ. ಪರ್ರನೆ ಸದ್ದು ಮಾಡಿ ಹಿಂದುಗಡೆ ಸೊಂಟದಿಂದ ತೊಡೆಯವರೆಗೆ ಹರಿದುಕೊಂಡಿತು.

ಎದುರಿಗೆ ನಿಂತಿದ್ದ ಏಳು ವರ್ಷದ ಗಿರಿ ಕಣ್ಣರಳಿಸಿ, "ಅಣ್ಣ, ಇನ್ನೊಂದ್ ಸಲ ಕೂತ್ಕಳಿ" ಎಂದ.

ಸೋಮವಾರಪೇಟೆ ಹತ್ತಿರದ ಆ ಮಕ್ಕಳ ಮನೆಗೆ ಎಬಿನೇಜರ್ ಬಂದು ಹತ್ತು ನಿಮಿಷವೂ ಆಗಿರಲಿಲ್ಲ. ಅಪ್ಪ ಅಮ್ಮ ಇಲ್ಲದ, ಇದ್ದರೂ ಸಾಕಲಾಗದ ಇಪ್ಪತ್ತೆರಡು ಮಕ್ಕಳು ಅಲ್ಲಿದ್ದರು. ಇಂಥ ಮಕ್ಕಳ ಸೇವೆಗೆ ಕ್ರೈಸ್ತ ಹುಡುಗ ಹುಡುಗಿಯರನ್ನು ತಯಾರು ಮಾಡುವ ಒಂದು ವರ್ಷದ ತರಬೇತಿಯಲ್ಲಿ ಅವನಿಗೆ ಉಳಿದಿದ್ದುದು ಈ ಪ್ರಾಕ್ಟಿಕಲ್ ಪರೀಕ್ಷೆಯೊಂದೇ. ಒಂದು ದಿನ ಮಕ್ಕಳ ಜೊತೆ ಇದ್ದು, ಯಾವುದಾದರೂ ಒಂದು ಮಗುವಿನ ಕಷ್ಟಸುಖ ಕೇಳಿ, ಮೂವತ್ತಾರು ಪ್ರಶ್ನೆಗಳ ಫಾರಂ ತುಂಬಬೇಕು. ಪಾಸಾದರೆ ಒಂದನೇ ತಾರೀಖಿನಿಂದ ಮೈಸೂರಿನ ಹಾಸ್ಟೆಲೊಂದರಲ್ಲಿ ವಾರ್ಡನ್ ಕೆಲಸ. ಬಾಳೆಲೆ ಊರಿನ ಕಡೆಯ ಎಸ್ಟೇಟಿನಲ್ಲಿ ಕಾಫಿ ಕುಯ್ಯುವ ಅವನ ಅವ್ವ ಈ ಸುದ್ದಿಯನ್ನು ಕೂಲಿ ಲೈನಿನ ಮನೆಮನೆಗೂ ಹೇಳಿ, ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ದೇವರಿಗೆ ಸ್ತೋತ್ರವನ್ನೂ ಸಲ್ಲಿಸಿಬಿಟ್ಟಿದ್ದಳು. ದೇವರ ಕಡೆಯ ಕೆಲಸ ಮುಗಿದಿತ್ತು. ಪಾಸಾಗುವುದಷ್ಟೇ ಬಾಕಿ.

ಅಡುಗೆಯನ್ನೂ ಮಕ್ಕಳನ್ನೂ ನೋಡಿಕೊಳ್ಳುತ್ತಿದ್ದ ವನಜಮ್ಮ ಗಂಡನ ಹಳೇ ಲುಂಗಿಯೊಂದನ್ನು ತಂದುಕೊಟ್ಟರು. "ಇದ್ನ ಸುತ್ಕಳಿ ಸಾ. ನಾನು ಸಂತೆಗೆ ಹೋಗಿ ಒಂದ್ ಗಂಟೇಲಿ ಬತ್ತೀನಿ. ಮಕ್ಳು ಬಾಳ ಒಳ್ಳೇವು, ನಿಮ್ಮನ್ನ ಚೆನ್ನಾಗಿ ನೋಡ್ಕತವೆ" ಎಂದು ಚೀಲ ಹಿಡಿದು ಹೊರಟೇಬಿಟ್ಟರು.

ಪ್ಯಾಂಟನ್ನು ಹನ್ನೊಂದು ವರ್ಷದ ಪೂಜಿತಾ ಇಸಿದುಕೊಂಡಳು. ಅವಳು ಹೊಲಿಗೆ ಕಲಿಯುತ್ತಿದ್ದಳು. ಅದುವರೆಗೆ ಕರವಸ್ತ್ರ ಮಾತ್ರ ಹೊಲಿದಿದ್ದವಳಿಗೆ ಇಷ್ಟು ದೊಡ್ಡ ಹರಕು ಸಿಕ್ಕಿದ್ದು ಇದೇ ಮೊದಲು. ಮದುವೆ ಸೀರೆಯನ್ನು ನೋಡುವಂತೆ ಪ್ಯಾಂಟನ್ನು ಬಿಡಿಸಿ ನೋಡಿದಳು.

ಎಬಿನೇಜರ್ ಲುಂಗಿ ಬಿಗಿದು, ಫಾರಂ ಹಿಡಿದು ಅವಳೆದುರು ಕೂತ. ಪಾಠದಲ್ಲಿ ಹೇಳಿದ್ದಂತೆ ಮೆಲುದನಿ ತಂದುಕೊಂಡು, "ಪೂಜಿತಾ, ನಿನ್ನ ಮನಸ್ಸಲ್ಲಿ ಇರೋದನ್ನ ಹೇಳಮ್ಮ" ಎಂದ.

"ಎಂತಕ್ಕಣ್ಣ ಇಷ್ಟು ಮೆಲ್ಲಗೆ ಮಾತಾಡ್ತೀರ? ಗಂಟಲು ನೋವಾ?"

"ಇಲ್ಲ, ಇಲ್ಲ. ರಾತ್ರಿ ಹೊತ್ತು ನಿನಗೆ ಭಯ ಆಗುತ್ತಾ?"

"ಅದು ಹನ್ನೊಂದ್ನೇ ಪ್ರಶ್ನೆ ಅಲ್ವಾ? 'ಕೆಲವೊಮ್ಮೆ' ಅಂತ ಬರೀರಿ. ಎಲ್ಲಾರೂ ಹಂಗೇ ಬರೀತಾರೆ. ಇಪ್ಪತ್ತೆಂಟ್ನೇದು ಅಮ್ಮಂದು. ಅದಕ್ಕೆ ನಾನು ಅಳ್ಬೇಕು, ನೀವು ತಲೆ ಸವರ್ಬೇಕು. ಈಗ್ಲೇ ಅಳ್ಲಾ, ಊಟ ಆದ್ಮೇಲಾ?"

ಎಬಿನೇಜರನ ಪೆನ್ನು ನಿಂತಿತು. "ಇದೆಲ್ಲ ನಿಂಗೆ ಹೆಂಗೆ ಗೊತ್ತು?"

"ಈ ವರ್ಷ ನಿಮಗಿಂತ ಮುಂಚೆ ಒಂಬತ್ತು ಜನ ಬಂದಿದ್ರು."

ಅವನಿಗೆ ನಾಚಿಕೆಯಾಯಿತು. ಫಾರಂ ಪಕ್ಕಕ್ಕಿಟ್ಟು, "ಹೋಗ್ಲಿ ಬಿಡು. ನಿಂಗೆ ನಿಜವಾಗ್ಲೂ ಎಂತ ಬೇಕು, ಅದ್ನ ಹೇಳು" ಎಂದ. ಈ ಸಲ ದನಿ ತಾನಾಗಿಯೇ ಸರಿಯಾಗಿ ಬಂತು.

ಪೂಜಿತಾ ಯೋಚಿಸಿ, "ತಲೇಲಿ ಹೇನಾಗಿದೆ. ತೆಗೀತೀರಾ?" ಎಂದಳು.

ಮೂವತ್ತಾರು ಪ್ರಶ್ನೆಗಳಲ್ಲಿ ಹೇನಿನ ಮಾತೇ ಇರಲಿಲ್ಲ. ಆದರೂ ಅವ್ವನ ತಲೆ ನೋಡಿದ್ದ ಅನುಭವವಿತ್ತು. ಬಾಚಣಿಗೆ ತಂದು ಕೂತ. ಪೂಜಿತಾಳ ಹಿಂದೆ ಒಂಬತ್ತು ಹುಡುಗಿಯರು ಸಾಲುಗಟ್ಟಿದರು. ಗಂಡುಹುಡುಗರು ತಮಗೂ ಏನಾದರೂ ಮಾಡಲೇಬೇಕೆಂದು ಗಲಾಟೆ ಎಬ್ಬಿಸಿದರು. ಅವರ ಉಗುರು ಕತ್ತರಿಸಿದ್ದಾಯಿತು. ಊಟದ ಹೊತ್ತಾದರೂ ವನಜಮ್ಮ ಸಂತೆಯಿಂದ ಬರಲಿಲ್ಲ. ಅವರು ಬೆಳಿಗ್ಗೆಯೇ ಮಾಡಿಟ್ಟಿದ್ದ ಅನ್ನ ಸಾರನ್ನು ಅವನೇ ಬಡಿಸಿದ. ಅಷ್ಟರಲ್ಲಿ ಪೂಜಿತಾ ತೇಪೆಗೆ ಅಳತೆ ತೆಗೆಯಲು ಒಂದು ಗಟ್ಟಿ ಕಾಗದ ಹುಡುಕಿ, ಚೆನ್ನಾಗಿ ಕತ್ತರಿಸಿ, ಪ್ಯಾಂಟಿಗೆ ಗುಂಡುಪಿನ್ನಿನಿಂದ ಚುಚ್ಚಿದ್ದಳು. ಎಬಿನೇಜರ್ ನೋಡಿದಾಗ ಹನ್ನೆರಡರಿಂದ ಮೂವತ್ತರವರೆಗಿನ ಪ್ರಶ್ನೆಗಳು ಅವನ ಪ್ಯಾಂಟಿನ ಹಿಂಭಾಗದಲ್ಲಿದ್ದವು.

ದುಃಖಪಡಲು ಪುರುಸೊತ್ತು ಸಿಗಲಿಲ್ಲ. ಮಕ್ಕಳು ಆಟಕ್ಕೆ ಎಳೆದರು. ಆ ಊರಿನ ಮಕ್ಕಳಿಗೆ ಗೊತ್ತಿದ್ದ ದೊಡ್ಡ ಆಟ ಒಂದೇ: ತೋಟಕ್ಕೆ ನುಗ್ಗಿದ ಆನೆಯನ್ನು ಕಾಡಿಗಟ್ಟುವುದು. ಆನೆ ಯಾರಾಗಬೇಕೆಂದು ಚರ್ಚೆಯೇ ಆಗಲಿಲ್ಲ. ಎಬಿನೇಜರ್ ಮಂಡಿಯೂರಿ ಘೀಳಿಡುತ್ತ ಅಂಗಳ ಸುತ್ತಿದ. ಇಪ್ಪತ್ತೆರಡು ಮಕ್ಕಳು ತಟ್ಟೆ ಬಡಿಯುತ್ತ "ಹೋ ಹೋ" ಎಂದು ಬೆನ್ನಟ್ಟಿದರು.

ಆನೆ ಗೇಟಿನ ಹತ್ತಿರ ಬಂದಾಗ ಎರಡು ಪಾಲಿಶ್ ಬೂಟು ಕಂಡವು. ಕುಶಾಲನಗರದ ವ್ಯಾಪಾರಿ ಜಯಪ್ರಕಾಶ್ ತಮ್ಮ ಐವತ್ತನೇ ಹುಟ್ಟುಹಬ್ಬವನ್ನು ಅನಾಥರ ನಡುವೆ ಆಚರಿಸಲು ಕೇಕು, ಕಂಬಳಿಗಳ ಸಮೇತ ಬಂದಿದ್ದರು. ಮೋಟು ಲುಂಗಿಯ ಆನೆಯನ್ನು ನೋಡಿ ಅವರ ಕಣ್ಣಲ್ಲಿ ನೀರಾಡಿತು.

"ಎಷ್ಟು ವರ್ಷದಿಂದ ಇಲ್ಲಿದ್ದೀಯಪ್ಪ?"

"ಬೆಳಿಗ್ಗೆಯಿಂದ ಸಾರ್."

"ಪಾಪ, ಲೆಕ್ಕವೂ ತಿಳಿಯಲ್ಲ" ಎಂದು ಜಯಪ್ರಕಾಶ್ ಅವನ ತಲೆ ಸವರಿದರು. ಆಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋನು ತೆಗೆದರು.

ಎಬಿನೇಜರ್ ಎದ್ದು ಅಡ್ಡ ನಿಂತ. "ಮಕ್ಕಳ ಮುಖ ಫೋಟೋದಲ್ಲಿ ಬರಬಾರ್ದು ಸಾರ್. ನಿಯಮ ಇದೆ."

"ಹಂಗಾದ್ರೆ ನೀನೇ ನಿಂತ್ಕೊ. ನೀನೇನು ಮಗು ಅಲ್ವಲ್ಲ."

ಬೇರೆ ದಾರಿಯಿರಲಿಲ್ಲ. ಎಬಿನೇಜರ್ ಎರಡೂ ಕೈಚಾಚಿ ಕಂಬಳಿ ಇಸಿದುಕೊಂಡ. ಪೂಜಿತಾ ಹಿಂದಿನಿಂದ ಪಿಸುಗುಟ್ಟಿದಳು: "ಅಣ್ಣ, ನಗಬೇಡಿ. ನಕ್ರೆ ಮುಂದಿನ ವರ್ಷ ಕಂಬಳಿ ಬರಲ್ಲ."

ಅವನು ನಗಲಿಲ್ಲ. ಜಯಪ್ರಕಾಶ್ ಹೋಗುವ ಮುಂಚೆಯೇ ಆ ಫೋಟೋ ದಾನಿಗಳ ವಾಟ್ಸಾಪ್ ಗುಂಪಿಗೆ ಹೋಯಿತು. ಕೆಳಗೆ, 'ವಯಸ್ಸಾದರೂ ಬುದ್ಧಿ ಬೆಳೆಯದ ಈ ನತದೃಷ್ಟ ಅನಾಥನ ಜೊತೆ ನನ್ನ ಹುಟ್ಟುಹಬ್ಬ' ಎಂಬ ಸಾಲು. ಆ ಗುಂಪು ನಡೆಸುತ್ತಿದ್ದವರು ತರಬೇತಿಯ ಮುಖ್ಯಸ್ಥೆ ಜಾಯ್ಸ್ ಮೇಡಂ. ಸಂಜೆ ಬರಬೇಕಾದವರು ಅರ್ಧ ಗಂಟೆಯಲ್ಲೇ ಬಂದಿಳಿದರು.

"ಎಬಿನೇಜರ್, ಸೇವೆ ಮಾಡಿ ಅಂತ ಕಳಿಸಿದ್ರೆ ಕಂಬಳಿ ಇಸ್ಕೊಂಡು ನಿಂತಿದೀರಲ್ರಿ! ಫಾರಂ ಎಲ್ಲಿ?"

ಅವನು ಪ್ಯಾಂಟನ್ನು ತಿರುಗಿಸಿ ತೋರಿಸಿದ. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಆಗ್ಲಿ. ನಿಮ್ಮ ಅದೃಷ್ಟಕ್ಕೆ ಈ ವರ್ಷದಿಂದ ಪಾಸು ಫೇಲು ನನ್ನ ಕೈಲಿಲ್ಲ. ಮಕ್ಕಳು ಹೇಳಿದ್ದೇ ಕೊನೆ" ಎಂದು ಎಲ್ಲ ಮಕ್ಕಳಿಗೂ ಒಂದೊಂದು ಖಾಲಿ ಚೀಟಿ ಕೊಟ್ಟರು. ಅಣ್ಣ ಇಷ್ಟವಾದರೆ ನಗುಮುಖ, ಆಗದಿದ್ದರೆ ಅಳುಮುಖ ಬರೆದು ಡಬ್ಬಿಗೆ ಹಾಕಬೇಕು.

ಎಬಿನೇಜರನಿಗೆ ಹೋದ ಜೀವ ಬಂತು. ಗಿರಿ ಅವನ ಬೆನ್ನಿಗೆ ಜೋತು ಬಿದ್ದುಕೊಂಡೇ ಚೀಟಿ ಬರೆಯುತ್ತಿದ್ದ. ಇವರೆಲ್ಲ ತನ್ನನ್ನು ಕೈಬಿಡುವವರಲ್ಲ. ಮನಸ್ಸಿನಲ್ಲೇ ಮೈಸೂರಿನ ಬಸ್ಸು ಹತ್ತಿದ.

ಮೇಡಂ ಡಬ್ಬಿ ಬಿಚ್ಚಿದರು. ಮೊದಲನೆಯದು ಅಳುಮುಖ. ಎರಡನೆಯದೂ ಅಳುಮುಖ. ಹತ್ತು, ಹದಿನೈದು, ಇಪ್ಪತ್ತೆರಡು, ಎಲ್ಲವೂ ಅಳುಮುಖಗಳೇ. ಗಿರಿಯ ಚೀಟಿಯಲ್ಲಂತೂ ಕಣ್ಣೀರು ಕಾಗದ ಸಾಲದೆ ಹಿಂಬದಿಗೂ ಹರಿದಿತ್ತು.

"ಒಂದೇ ದಿನಕ್ಕೆ ಇಷ್ಟು ನೋಯಿಸಿದೀರಾ?" ಮೇಡಂ ದನಿ ನಡುಗಿತು. "ನಿಯಮದ ಪ್ರಕಾರ ಒಂದು ತಿಂಗಳು ಇಲ್ಲೇ ಇದ್ದು ಇವರ ಪ್ರೀತಿ ಸಂಪಾದಿಸಿ. ಆಮೇಲೆ ಮತ್ತೆ ಪರೀಕ್ಷೆ. ಮೈಸೂರಿಗೆ ಬೇರೆಯವರನ್ನ ಕಳಿಸ್ತೀನಿ."

ಅವರು ಹೋದ ಮೇಲೆ ಎಬಿನೇಜರ್ ಜಗಲಿಯ ಮೇಲೆ ಕುಸಿದು ಕೂತ. ಅವ್ವನಿಗೆ ಏನು ಹೇಳುವುದು? ಪೂಜಿತಾ ಬಂದು ಪಕ್ಕದಲ್ಲಿ ಕೂತಳು.

"ನಾನು ಎಂತ ತಪ್ಪು ಮಾಡ್ದೆ ಪೂಜಿತಾ?"

"ನೀವಲ್ಲಣ್ಣ, ತಪ್ಪು ಮಾಡಿದ್ದು ನಾವು. ಹೋದ ತಿಂಗಳು ವಿಲ್ಮಾ ಅಕ್ಕ ಬಂದಿದ್ರು. ಬಾಳ ಒಳ್ಳೇವ್ರು. ಎಲ್ಲಾರೂ ನಗುಮುಖ ಹಾಕಿದ್ವಿ. ಪಾಸಾದ್ರು. ಮತ್ತೆ ಬತ್ತೀನಿ ಅಂದ್ರು, ಬರ್ಲೇ ಇಲ್ಲ. ಫೇಲಾದ್ರೆ ಒಂದ್ ತಿಂಗಳು ಇಲ್ಲೇ ಇರ್ಬೇಕು ಅಂತ ಮೇಡಂ ಅವತ್ತೇ ಹೇಳಿದ್ರು." ಅವಳು ಸೂಜಿಗೆ ದಾರ ಪೋಣಿಸಿದಳು. "ಒಳ್ಳೇವ್ರನ್ನೆಲ್ಲ ಪಾಸ್ ಮಾಡಿ ಕಳಿಸ್ಬಿಟ್ರೆ ನಮ್ಗೆ ಯಾರು ಉಳೀತಾರೆ?"

ಎಬಿನೇಜರನಿಗೆ ಬೈಯಬೇಕೆನಿಸಿತು. ಬೈಯುವ ಬದಲು ಅವಳಿಗೆ ಹೊಲಿಯಲು ಪ್ಯಾಂಟಿನ ತುದಿ ಹಿಡಿದುಕೊಟ್ಟ.

ಅವನ ಕಣ್ಣು ತುಂಬಿದ್ದನ್ನು ಕಂಡ ಗಿರಿ ಓಡಿಬಂದು ಭುಜ ತಟ್ಟಿದ. "ಹೆದರ್ಕಬೇಡಿ ಅಣ್ಣ, ಮುಂದಿನ ತಿಂಗಳೂ ಫೇಲ್ ಮಾಡ್ತೀವಿ."