ಎರಡು ಹೆಜ್ಜೆ ದೂರದ ತಂತಿ

ನಗಬಾರದ ಕಡೆಯಲ್ಲೇ ನನ್ನ ಮುಂದೆ ನಗು ಬರುವಂಥದ್ದು ನಡೆಯುತ್ತದೆ. ಆಸ್ಪತ್ರೆಯನ್ನೂ ಬಿಟ್ಟಿಲ್ಲ. ನನ್ನ ಹಣೆಬರಹ!

೧

ನಾನೂ ನನ್ನ ಗೆಳೆಯನೂ ಪುಣೆಯ ತಂತಿ ಕಚೇರಿಯಲ್ಲಿ ಅಕ್ಕಪಕ್ಕ ಕೂತು ಮೋರ್ಸ್ ಸಂಕೇತ ಕುಟ್ಟಿದವರು. ನಿವೃತ್ತಿಯಾದ ಮೇಲೆ ಅವನಿಗೆ ಗಂಟಲ ಕ್ಯಾನ್ಸರ್ ಬಂತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಎಚ್ಚರವಾದವನೇ ಮಂಚದ ಸರಳನ್ನು ಬೆರಳಿನಿಂದ ಕುಟ್ಟತೊಡಗಿದ. ಫಿಟ್ಸ್ ಬಂತೆಂದು ನರ್ಸ್ ಓಡಿಬಂದು ಸೂಜಿ ಚುಚ್ಚಿದಳು. ಪಾಪ, ಚಳಿಗೆ ಫ್ಯಾನ್ ಬಂದ್ ಮಾಡಿರೆಂದು ಕುಟ್ಟಿದ್ದ. ಬಾಗಿಲಲ್ಲಿದ್ದ ನಾನು ಹೇಳುವ ಮೊದಲೇ ಅವಳು ಗಾಳಿ ಸಾಲದೆಂದು ಫ್ಯಾನ್ ಇನ್ನಷ್ಟು ಜೋರು ಮಾಡಿ ಹೋದಳು.

೨

ಪುಣೆ ಹತ್ತಿರದ ಭೋರ್ ಎಂಬ ಊರಿನ ತನ್ನ ಮನೆಗೆ ಹೋದ ಮೇಲೆ, ಬರೆಯಲು ಕೊಟ್ಟ ಪಾಟಿಯನ್ನು ಗೋಡೆಗೆ ಒಗೆದನಂತೆ. ಹಟಮಾರಿ. ನಾನು ಮೈಕ್ರೊಕಂಟ್ರೋಲರ್ ಚಿಪ್ಪುಗಳನ್ನು ತಂದು ಎರಡು ಸ್ಟೀಲ್ ಡಬ್ಬಿಗಳಲ್ಲಿ ಕೂಡಿಸಿದೆ, ತಂತಿ ಕುಟ್ಟುವ ಹಳೆಯ ಹಿತ್ತಾಳೆ ಕೀ ಜೋಡಿಸಿದೆ, ಇಂಟರ್ನೆಟ್ಟಿಗೆ ಹಚ್ಚಿದೆ. ಅವನು ಭೋರಿನಲ್ಲಿ ಕುಟ್ಟಿದ್ದು ಪುಣೆಯ ಶಿವಾಜಿನಗರದ ನನ್ನ ಮನೆಯಲ್ಲಿ ಕಟಕಟ ಎನ್ನುತ್ತಿತ್ತು. ಅವನ ಹೆಂಡತಿಗೆ, ಅತ್ತಿಗೆಯೆಂದು ನಾನು ವೈನಿ ಎನ್ನುವವರಿಗೆ, ಮೋರ್ಸ್ ಬಾರದು. ಹೀಗಾಗಿ ಎರಡು ಹೆಜ್ಜೆ ದೂರದ ಅಡುಗೆಮನೆಗೆ ಅವನ ಮಾತು ನನ್ನ ಮೂಲಕ, ಫೋನಿನಲ್ಲಿ ಹೋಗಬೇಕು.

"ವೈನಿ, ಸಾರಿಗೆ ಉಪ್ಪಿಲ್ಲಂತ್ರಿ."

"ಡಾಕ್ಟರ್ ಬ್ಯಾಡ ಅಂದಾರಂತ ಹೇಳ್ರಿ."

"ಅವಗ ಕಿವಿ ಕೇಳ್ತದಲ್ರಿ, ನೀವ ಹೇಳ್ರಿ."

"ಪಾಟಿ ಒಗದಾಗಿಂದ ನಾ ಅವರ ಜೋಡಿ ಮಾತು ಬಿಟ್ಟೀನ್ರಿ."

೩

ಒಮ್ಮೆ ಭೋರಿನಲ್ಲಿ ಇಂಟರ್ನೆಟ್ ಒಂದೂವರೆ ದಿನ ಸತ್ತಿತು. ಡಬ್ಬಿ ಎಲ್ಲವನ್ನೂ ಹಿಡಿದಿಟ್ಟು, ಲೈನ್ ಬಂದ ಕೂಡಲೇ ಕಾರಿತು. "ನೋವು ಭಾಳ ಅದ." "ಗುಳಿಗಿ ಎಲ್ಲಿ?" "ಗುಳಿಗಿ ಕೊಡು." "ಸಾಯ್ತೀನಿ." ವೈನಿ ಎದುರಿಗೇ ಇದ್ದರು. ಏನು ಕೇಳುತ್ತಿದ್ದಾನೆ ತಿಳಿಯದೆ ಬಿಸಿನೀರು ಕೊಟ್ಟರಂತೆ, ಹಾಲು ಕೊಟ್ಟರಂತೆ, ಕೊನೆಗೆ ಹೆದರಿ ಗಂಗಾಜಲವನ್ನೇ ಬಾಯಿಗೆ ಬಿಟ್ಟರಂತೆ. ನಾಲ್ಕನೆಯದು ಕೇಳಿದೊಡನೆ ನಾನು ಬರಿಗಾಲಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದೆ. ಭೋರಿಗೆ ಹೋದ ಮೇಲೆ ತಿಳಿಯಿತು, ಐದನೆಯದು "ದಿಂಬಿನ ಕೆಳಗ ಸಿಕ್ತು" ಎಂದಿತ್ತು. ಅದನ್ನು ಕೇಳಿದ್ದು ನನ್ನ ಹೆಂಡತಿ ಒಬ್ಬಳೇ, ಅವಳಿಗೂ ಮೋರ್ಸ್ ಬಾರದು.

೪

ಆಮೇಲೆ ವೈನಿ ಹಟ ಹಿಡಿದು ನನ್ನಿಂದ ಮೋರ್ಸ್ ಕಲಿತರು. ಅವನ ಕೊನೆಯ ಮಾತಾದರೂ ನೇರ ತಮಗೇ ತಿಳಿಯಬೇಕು, ಅಷ್ಟೇ ಅವರ ಆಸೆ. ಕಲಿಯುವಷ್ಟರಲ್ಲಿ ಅವನನ್ನು ಮತ್ತೆ ಪುಣೆಯ ಆಸ್ಪತ್ರೆಗೆ ತಂದಾಗಿತ್ತು. ಔಷಧಿಗೆ ಕಿವಿಯೂ ಹೋಗಿತ್ತು. ಡಬ್ಬಿಯನ್ನು ಒಳಗೆ ಬಿಡಲಿಲ್ಲ.

ವೈನಿ ಅವನ ಅಂಗೈ ಹಿಡಿದು ಬೆರಳಿನಿಂದ ನಿಧಾನ ಕುಟ್ಟಿದರು: "ಬಿಟ್ಟು ಹೋಗಬ್ಯಾಡ್ರಿ." ಅವನು ಅವರ ಅಂಗೈ ಮೇಲೆ ಮೂರೇ ಅಕ್ಷರ ಕುಟ್ಟಿದ. ತಂತಿಯವರ ಭಾಷೆಯಲ್ಲಿ ಅದು, "ತಿಳಿಯಲಿಲ್ಲ, ಮತ್ತೆ ಕಳಿಸು." ವೈನಿ ಮತ್ತೆ ಕುಟ್ಟಿದರು. ಮತ್ತೆ ಅದೇ ಉತ್ತರ. ಮೂರನೆಯ ಸಲವೂ ಅದೇ.

ವೈನಿಯ ಕಣ್ಣು ತುಂಬಿ ಬಂತು. "ನನ್ನ ಕೈ ಅಷ್ಟು ಕೆಟ್ಟದೇನ್ರಿ? ಕೊನಿಗೂ ಇವರಿಗೆ ತಿಳೀಲಿಲ್ಲಲ್ರಿ."

ಅವನ ಮುಖ ನೋಡಿದೆ. ಗುಡುಗು ಸಿಡಿಲಿನಲ್ಲೂ ಒಂದೇ ಒಂದು ತಂತಿಯನ್ನು ಮತ್ತೆ ಕಳಿಸೆಂದು ಕೇಳಿದವನಲ್ಲ ಅವನು. ಈಗ ಮೀಸೆಯೊಳಗೇ ನಗುತ್ತಿದ್ದ.

"ಮೊದಲನೇ ಸಲಾನ ಎಲ್ಲಾ ತಿಳದದ್ರಿ ವೈನಿ," ಅಂದೆ. "ಕಳ್ಳ! ಸುಮ್ನ ಮತ್ತ ಮತ್ತ ಹೇಳಸ್ಕೊಳ್ಳಾಕತ್ತಾನ."

ವೈನಿ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕೈಯನ್ನು ಮತ್ತೆ ತೆಗೆದುಕೊಂಡರು.

"ಹಂಗಾದ್ರ ನೀವು ಹೊರಗ ನಡೀರಿ."